ಬೀದಿಯಲ್ಲಿ ಬಿಟ್ಟುಹೋದ ಮಗ, ಟಾರ್ಟ್ ಬೇಯಿಸಿ ಅರಮನೆ ತಲುಪಿದ: ಪೇಸ್ಟ್ರಿ ಲೋಕದ ದೊರೆ ಕರೇಮ್ ಕಥೆ

ಆ ಹುಡುಗನಿಗೆ ಆಗ ಸುಮಾರು ಹತ್ತು ವರ್ಷ. ಫ್ರೆಂಚ್ ಕ್ರಾಂತಿಯ ಬಿಸಿಗೆ ಪ್ಯಾರಿಸ್ ನಗರ ಕುದಿಯುತ್ತಿತ್ತು. ಅಪ್ಪ ಕಟ್ಟಡ ಕೆಲಸದ ಕೂಲಿ. ಮನೆ ತುಂಬಾ ಮಕ್ಕಳು, ಹೊಟ್ಟೆ ತುಂಬುವಷ್ಟು ದುಡಿಮೆ ಇಲ್ಲ. ಒಂದು ದಿನ ಅಪ್ಪ ಮಗನನ್ನು ನಗರದ ಗಡಿಯವರೆಗೆ ಕರೆದೊಯ್ದು, ಅಲ್ಲಿನ ಅಗ್ಗದ ಹೋಟೆಲೊಂದರಲ್ಲಿ ಊಟ ಕೊಡಿಸಿದ. ಊಟ ಮುಗಿದ ಮೇಲೆ, ಮನೆಯಲ್ಲಿ ಬಡತನ ಬಿಟ್ಟರೆ ಬೇರೇನೂ ಇಲ್ಲವೆಂದೂ, ಬುದ್ಧಿ ಇದ್ದವನು ಇಂಥ ಕಾಲದಲ್ಲಿ ಹೇಗಾದರೂ ಬದುಕಿಕೊಳ್ಳುತ್ತಾನೆಂದೂ ಹೇಳಿ, ಮಗನನ್ನು ಬೀದಿಯಲ್ಲೇ ಬಿಟ್ಟು ಹೊರಟುಹೋದ. ಅಂದು ರಾತ್ರಿ ಮಲಗಲು ಜಾಗ ಹುಡುಕುತ್ತಾ ಹುಡುಗ ಒಂದು ಸಣ್ಣ ಹೋಟೆಲಿನ ಬಾಗಿಲು ಬಡಿದ. ಮರುದಿನದಿಂದ ಅಲ್ಲೇ ಅಡುಗೆಮನೆಯ ಚಾಕರಿ ಶುರುವಾಯಿತು.

ಇದು ಮಾರಿ ಆಂಟನಿನ್ ಕರೇಮ್ ಮುಂದೆ ತಾನೇ ಹೇಳಿಕೊಂಡ ಕಥೆ. ರಷ್ಯಾದ ಚಕ್ರವರ್ತಿ, ಬ್ರಿಟನ್ನಿನ ಭಾವಿ ರಾಜ, ಯುರೋಪಿನ ಅತಿ ದೊಡ್ಡ ಸಾಹುಕಾರ ಹೀಗೆ ಘಟಾನುಘಟಿಗಳಿಗೆಲ್ಲ ಅಡುಗೆ ಮಾಡಿದ ಮನುಷ್ಯ ಈತ. ಜನ್ಮದಿನ 1784ರ ಜೂನ್ 8 ಎನ್ನುವುದು ಹೆಚ್ಚು ಪ್ರಚಲಿತ. ವಿಚಿತ್ರವೆಂದರೆ ಫ್ರೆಂಚ್ ಭಾಷೆಯಲ್ಲಿ ಕರೇಮ್ ಎಂದರೆ ಈಸ್ಟರ್‌ಗೆ ಮುಂಚೆ ಕ್ರೈಸ್ತರು ಆಚರಿಸುವ ಉಪವಾಸದ ಕಾಲ. ಬಾಲ್ಯದ ಮಟ್ಟಿಗಂತೂ ಆ ಹೆಸರು ಅವನಿಗೆ ಸರಿಯಾಗಿಯೇ ಒಪ್ಪುತ್ತಿತ್ತು.

ಕರೇಮ್ ಬಗ್ಗೆ ಬರೆಯುವವರೆಲ್ಲ ಅರಮನೆ, ಚಕ್ರವರ್ತಿ, ನೂರಾರು ಭಕ್ಷ್ಯಗಳ ಔತಣದ ಕಡೆಗೇ ಓಡುತ್ತಾರೆ. ಆದರೆ ಆ ಬದುಕಿಗೆ ತಿರುವು ಸಿಕ್ಕಿದ್ದು ಅರಮನೆಯಲ್ಲಲ್ಲ. ಪ್ಯಾರಿಸ್‌ನ ಒಂದು ಪೇಸ್ಟ್ರಿ ಅಂಗಡಿಯ ಹಿಂಬದಿಯ ಬಿಸಿ ಕೋಣೆಯಲ್ಲಿ, ಹಿಟ್ಟು ಮತ್ತು ಹಣ್ಣಿನ ನಡುವೆ.

ಶಾಲೆ ಇಲ್ಲದ ಕಾಲದ ಪೇಸ್ಟ್ರಿ ಪಾಠ

ಇಂದು ಪೇಸ್ಟ್ರಿ ಕಲಿಯಬೇಕೆಂದರೆ ಕೋರ್ಸ್ ಇದೆ, ಫೀಸ್ ಇದೆ, ಕೊನೆಗೆ ಕೈಗೊಂದು ಸರ್ಟಿಫಿಕೇಟ್ ಇದೆ. ಜಗತ್ಪ್ರಸಿದ್ಧ ಲೆ ಕಾರ್ಡನ್ ಬ್ಲೂ ಶಾಲೆ ಪ್ಯಾರಿಸ್‌ನಲ್ಲಿ ಶುರುವಾದದ್ದು 1895ರಲ್ಲಿ. ಅದಕ್ಕೂ ನೂರು ವರ್ಷ ಮೊದಲು ಈ ವಿದ್ಯೆಗೆ ಇದ್ದದ್ದು ಒಂದೇ ದಾರಿ: ಯಾರಾದರೂ ಮಾಲೀಕನ ಕೈಕೆಳಗೆ ಸೇರಿ, ವರ್ಷಗಟ್ಟಲೆ ದುಡಿದು, ನೋಡಿ ಕಲಿಯುವುದು. ಮೊದಲು ನೆಲ ಗುಡಿಸು, ನೀರು ಹೊರು, ಸೌದೆ ಒಡೆ. ಆಮೇಲೆ ಹಿಟ್ಟು ಜರಡಿ ಹಿಡಿ. ಗುರು ಮನಸ್ಸು ಮಾಡಿದರೆ ಮಾತ್ರ ಕಣಕಕ್ಕೆ ಕೈ ಹಾಕಬಹುದು.

ಕ್ರಾಂತಿಗೆ ಮುಂಚೆ ಇನ್ನೊಂದು ಗೋಡೆಯೂ ಇತ್ತು. ಪ್ರತಿ ಕಸುಬಿಗೂ ಒಂದು ಸಂಘ. ಪೇಸ್ಟ್ರಿ ಮಾಡುವವರ ಸಂಘ, ಬ್ರೆಡ್ ಮಾಡುವವರ ಸಂಘ, ಮಾಂಸ ಹುರಿದು ಮಾರುವವರ ಸಂಘ ಎಲ್ಲವೂ ಬೇರೆ ಬೇರೆ. ಯಾರು ಏನು ಮಾರಬಹುದು, ಯಾರು ಅಂಗಡಿ ತೆರೆಯಬಹುದು ಎಂದು ನಿರ್ಧರಿಸುತ್ತಿದ್ದವರು ಸಂಘದವರೇ. 1791ರಲ್ಲಿ ಕ್ರಾಂತಿ ಸರ್ಕಾರ ಈ ಕಸುಬು ಸಂಘಗಳನ್ನೆಲ್ಲ ರದ್ದು ಮಾಡಿತು. ಅಪ್ಪ ಬಿಟ್ಟುಹೋದ ಹುಡುಗನಿಗೆ ಆಗ ಇದೆಲ್ಲ ತಿಳಿದಿರಲಾರದು. ಆದರೆ ಮುಂದೆ ಅವನು ಸ್ವಂತ ಅಂಗಡಿ ತೆರೆಯಲು ಸಾಧ್ಯವಾದದ್ದು ಆ ಗೋಡೆ ಅಷ್ಟರಲ್ಲಿ ಬಿದ್ದುಹೋಗಿದ್ದರಿಂದ.

ಸಣ್ಣ ಹೋಟೆಲಿನಲ್ಲಿ ಕೆಲವು ವರ್ಷ ಪಾತ್ರೆ ತೊಳೆದು, ತರಕಾರಿ ಹೆಚ್ಚಿ ಅಡುಗೆಯ ಅಆಇಈ ಕಲಿತ ಮೇಲೆ ಹದಿಹರೆಯದ ಕರೇಮ್ ಸೇರಿದ್ದು ಸಿಲ್ವೇನ್ ಬೈಲಿ ಎಂಬಾತನ ಪೇಸ್ಟ್ರಿ ಅಂಗಡಿಗೆ. ಅಂಗಡಿ ಇದ್ದದ್ದು ಪಾಲೇ ರೊಯಾಲ್ ಬಳಿಯ ವಿವಿಯೆನ್ ಬೀದಿಯಲ್ಲಿ. ಫ್ಯಾಷನ್, ಜೂಜು, ರಾಜಕೀಯ, ಹರಟೆ ಎಲ್ಲ ಒಂದೇ ಕಡೆ ಸೇರುತ್ತಿದ್ದ, ಪ್ಯಾರಿಸ್‌ನ ಅತಿ ಗಿಜಿಗುಡುವ ಪ್ರದೇಶ ಅದು. ಬೈಲಿಯ ಗಿರಾಕಿಗಳೂ ದೊಡ್ಡ ಮನುಷ್ಯರೇ.

ಬೈಲಿ ಒಳ್ಳೆಯ ಯಜಮಾನ. ಹುಡುಗನ ಕೈಚಳಕ ಮಾತ್ರವಲ್ಲ, ಅವನ ತಲೆಯೊಳಗಿನ ಕುತೂಹಲವೂ ಆತನ ಕಣ್ಣಿಗೆ ಬಿತ್ತು. ಅಂಗಡಿಯ ಪಕ್ಕದಲ್ಲೇ ರಾಷ್ಟ್ರೀಯ ಗ್ರಂಥಾಲಯ. ವಾರಕ್ಕೆ ಎರಡು ಮಧ್ಯಾಹ್ನ ಕೆಲಸ ಬಿಟ್ಟು ಅಲ್ಲಿಗೆ ಹೋಗಲು ಬೈಲಿ ಅನುಮತಿ ಕೊಟ್ಟ. ದುಡಿಯುವ ಹುಡುಗನನ್ನು ಪುಸ್ತಕ ನೋಡಲು ಕಳಿಸುವ ಮಾಲೀಕರು ಆಗಲೂ ಕಡಿಮೆ, ಈಗಲೂ ಕಡಿಮೆ.

ಗ್ರಂಥಾಲಯದಲ್ಲಿ ಅವನನ್ನು ಹಿಡಿದಿಟ್ಟದ್ದು ಚಿತ್ರಗಳು. ಅಚ್ಚು ಚಿತ್ರಗಳ ವಿಭಾಗದಲ್ಲಿ ಗ್ರೀಸ್, ರೋಮ್, ಈಜಿಪ್ಟ್, ಭಾರತ, ಚೀನಾದ ದೇವಾಲಯ, ಕಮಾನು, ಗೋಪುರಗಳ ಚಿತ್ರಗಳಿದ್ದವು. ಶಾಲೆಯ ಮೆಟ್ಟಿಲು ಹತ್ತದ ಹುಡುಗ ಗಂಟೆಗಟ್ಟಲೆ ಕುಳಿತು ಅವನ್ನು ನಕಲು ಮಾಡಿದ. ಅಂಗಡಿಗೆ ಬಂದು ಅದನ್ನೇ ಸಕ್ಕರೆ, ಬಾದಾಮಿ ಹಿಟ್ಟು, ಪೇಸ್ಟ್ರಿಯಲ್ಲಿ ಕಟ್ಟಿದ. ಔತಣದ ಮೇಜಿನ ನಡುವೆ ಅಲಂಕಾರಕ್ಕೆಂದು ಇಡುವ ಇಂಥ ದೊಡ್ಡ ರಚನೆಗಳಿಗೆ ಫ್ರೆಂಚರು ಪಿಯೆಸ್ ಮೊಂತೇ ಎನ್ನುತ್ತಾರೆ. ತಿನ್ನುವುದಕ್ಕಿಂತ ನೋಡುವುದಕ್ಕೇ ಹೆಚ್ಚು. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಗೋಪುರ, ತುಳಸಿಕಟ್ಟೆ ಎರೆಯುವುದನ್ನು ನೋಡಿದವರಿಗೆ ಕಲ್ಪನೆ ಸುಲಭ. ಆ ಗೋಪುರ ಹಲವು ಅಡಿ ಎತ್ತರ ಬೆಳೆದರೆ ಹೇಗಿರುತ್ತದೆ ಎಂದು ಊಹಿಸಿಕೊಂಡರೆ ಸಾಕು.

ಹದಿನೇಳಕ್ಕೇ ಟಾರ್ಟ್ ವಿಭಾಗದ ಮುಖ್ಯಸ್ಥ

ಸಕ್ಕರೆ ಗೋಪುರಗಳು ಕಿಟಕಿಯಲ್ಲಿ ನಿಂತು ಜನರನ್ನು ಸೆಳೆಯುತ್ತಿದ್ದವು, ನಿಜ. ಆದರೆ ಪೇಸ್ಟ್ರಿ ಅಂಗಡಿಯ ದಿನದ ವ್ಯಾಪಾರ ನಡೆಯುವುದು ಟಾರ್ಟ್ ಮತ್ತು ಪೈಗಳಿಂದ. ಹದಿನೇಳನೇ ವಯಸ್ಸಿಗೆ ಕರೇಮ್ ಬೈಲಿಯ ಅಂಗಡಿಯಲ್ಲಿ ಈ ವಿಭಾಗದ ಮುಖ್ಯ ಕೆಲಸಗಾರನಾದ. ಸರ್ಟಿಫಿಕೇಟ್ ಇಲ್ಲದ ಆ ಕಾಲದಲ್ಲಿ ಓದು ಮುಗಿಯಿತು ಎಂಬುದಕ್ಕೆ ಅದೇ ಗುರುತು. ತನ್ನ ನೆನಪುಗಳಲ್ಲಿ ಈ ಹುದ್ದೆಯನ್ನು ಆತ ಹೆಮ್ಮೆಯಿಂದಲೇ ಹೇಳಿಕೊಂಡಿದ್ದಾನೆ.

ಹಣ್ಣಿನ ಟಾರ್ಟ್ ನೋಡಲು ಸರಳ. ಗರಿಗರಿ ಹಿಟ್ಟಿನ ಬಟ್ಟಲು, ಒಳಗೆ ಏಪ್ರಿಕಾಟ್, ಪೀಚ್, ಪ್ಲಮ್, ಸೇಬು ಅಥವಾ ಚೆರ್ರಿ, ಮೇಲೆ ಹೊಳಪು. ಆದರೆ ಒಳಗೊಂದು ಜಗಳವಿದೆ. ಹಣ್ಣಿಗೆ ನೀರು ಬಿಡುವ ಸ್ವಭಾವ. ಸಕ್ಕರೆ ತಾಗಿದರೆ ಇನ್ನಷ್ಟು ಬಿಡುತ್ತದೆ, ಬಿಸಿ ತಾಗಿದರೆ ಮತ್ತಷ್ಟು. ಕೆಳಗಿನ ಹಿಟ್ಟಿಗೆ ನೀರು ತಾಗಿದರೆ ಅದು ಬೇಯುವುದಿಲ್ಲ, ಮೆತ್ತಗಾಗಿ ಕುಸಿಯುತ್ತದೆ. ಹಿಟ್ಟು ಗರಿಗರಿ ಆಗುವವರೆಗೆ ಒಲೆಯಲ್ಲಿಟ್ಟರೆ ಹಣ್ಣು ಕರಗಿ ಮುದ್ದೆಯಾಗುತ್ತದೆ. ಹಣ್ಣು ಚೆನ್ನಾಗಿರುವಾಗ ತೆಗೆದರೆ ಹಿಟ್ಟು ಹಸಿ. ಹಾಗಾಗಿ ಕಸುಬು ಬಲ್ಲವರು ಎರಡನ್ನೂ ಬೇರೆ ಮಾಡುತ್ತಾರೆ. ಬಟ್ಟಲನ್ನು ಮೊದಲೇ ಬೇಯಿಸಿಕೊಳ್ಳುವುದು, ಹಣ್ಣನ್ನು ಪಾಕದಲ್ಲಿ ಹದವಾಗಿ ಬೇಯಿಸಿ ಸೋಸುವುದು, ಉಳಿದ ಪಾಕವನ್ನು ಕುದಿಸಿ ಗಟ್ಟಿ ಮಾಡಿ ಮೇಲೆ ಸವರುವುದು. ಆ ಹೊಳಪು ಚೆಂದಕ್ಕೆ ಮಾತ್ರವಲ್ಲ, ಹಣ್ಣು ಒಣಗದಂತೆಯೂ ಕಾಯುತ್ತದೆ.

ಇನ್ನು ಹಿಟ್ಟು. ಮೈದಾಕ್ಕೆ ನೀರು ಹಾಕಿ ನಾದಿದಷ್ಟೂ ಅದು ರಬ್ಬರಿನಂತೆ ಎಳೆಯುತ್ತದೆ. ಬ್ರೆಡ್‌ಗೆ ಅದು ಬೇಕು, ಟಾರ್ಟ್‌ಗೆ ಬೇಡವೇ ಬೇಡ. ಬೆಣ್ಣೆ ಹಿಟ್ಟಿನ ಕಣಕ್ಕೆ ಕವಚದಂತೆ ಅಂಟಿಕೊಂಡು ಆ ಎಳೆತವನ್ನು ತಡೆಯಬೇಕು. ಕೈ ಬಿಸಿಯಾದರೆ ಬೆಣ್ಣೆ ಕರಗುತ್ತದೆ, ಆಟ ಮುಗಿಯಿತು.

ಪಫ್ ಪೇಸ್ಟ್ರಿಯಲ್ಲಂತೂ ಈ ಕಷ್ಟ ಹತ್ತು ಪಟ್ಟು. ಹಿಟ್ಟಿನೊಳಗೆ ಬೆಣ್ಣೆ ಇಟ್ಟು, ಲಟ್ಟಿಸಿ, ಮೂರು ಮಡಿಕೆ ಹಾಕಿ, ತಿರುಗಿಸಿ ಮತ್ತೆ ಲಟ್ಟಿಸಬೇಕು. ಹೀಗೆ ಆರು ಸಲ. ಮೂರನ್ನು ಮೂರರಿಂದ ಗುಣಿಸುತ್ತಾ ಹೋದರೆ ಬೆಣ್ಣೆಯ ಪದರ 729 ಆಗುತ್ತದೆ. ಒಲೆಯ ಕಾವಿಗೆ ಒಳಗಿನ ನೀರು ಹಬೆಯಾಗಿ ಪ್ರತಿ ಪದರವನ್ನೂ ಮೇಲಕ್ಕೆತ್ತುತ್ತದೆ. ಅಯ್ಯಂಗಾರ್ ಬೇಕರಿಯ ಖಾರದ ಪಫ್ ಕಚ್ಚಿದಾಗ ಅಂಗಿಯ ಮೇಲೆಲ್ಲ ಉದುರುವುದು ಇದೇ ಪದರ. ನಮ್ಮ ಚಿರೋಟಿಯಲ್ಲೂ ತುಪ್ಪ ಸವರಿ ಪದರ ಬಿಡಿಸುವ ಯುಕ್ತಿ ಇದೆ, ಆದರೆ ಅದು ಎಣ್ಣೆಯಲ್ಲಿ ಅರಳುತ್ತದೆ, ಇದು ಬರೀ ಒಲೆಯ ಕಾವಿನಲ್ಲಿ. ಬೇಸಿಗೆಯಲ್ಲಿ ಬೆಣ್ಣೆ ಕರಗದಂತೆ ಕರೇಮ್ ಬಳಸುತ್ತಿದ್ದದ್ದು ಮಂಜುಗಡ್ಡೆ. ಫ್ರಿಜ್ ಎಂಬ ಪದವೇ ಹುಟ್ಟಿರದ ಕಾಲದ ಮಾತಿದು.

ಒಲೆಗೆ ಥರ್ಮಾಮೀಟರ್ ಕೂಡ ಇರಲಿಲ್ಲ. ಸೌದೆ ಉರಿಸಿ, ಬೂದಿ ಬಳಿದು, ಇಟ್ಟಿಗೆಯಲ್ಲಿ ಉಳಿದ ಕಾವಿನಲ್ಲೇ ಬೇಯಿಸಬೇಕು. ಹೊತ್ತು ಹೋದಂತೆ ಕಾವು ಇಳಿಯುತ್ತದೆ, ಯಾವ ಕಾವಿಗೆ ಯಾವ ತಿಂಡಿ ಎಂಬುದು ಕೈಗೆ ಗೊತ್ತಿರಬೇಕು. ಕರೇಮ್‌ನ ಪುಸ್ತಕಗಳಲ್ಲಿ ಬಿಸಿ ಒಲೆ, ಮೆದು ಒಲೆ ಎನ್ನುವುದರ ಜೊತೆಗೆ ಲವಲವಿಕೆಯ ಒಲೆ ಎಂಬ ಅರ್ಥದ ಮಾತೂ ಬರುತ್ತದೆ. ಡಿಗ್ರಿ ಲೆಕ್ಕದಲ್ಲಿ ಅದು ಎಷ್ಟೋ! ಒಲೆಯ ಮುಂದೆ ವರ್ಷಗಟ್ಟಲೆ ನಿಂತವನಿಗೆ ಮಾತ್ರ ಅರ್ಥವಾಗುವ ಭಾಷೆ.

ಸ್ವಂತ ಅಂಗಡಿ, ದೊಡ್ಡ ಮನೆಗಳು

ಬೈಲಿಯ ಗಿರಾಕಿಗಳಲ್ಲಿ ಒಬ್ಬ ಟ್ಯಾಲೆರಾಂಡ್. ನೆಪೋಲಿಯನ್‌ನ ವಿದೇಶಾಂಗ ಮಂತ್ರಿ, ಮಹಾ ಚಾಣಾಕ್ಷ, ಅಷ್ಟೇ ಭೋಜನಪ್ರಿಯ. ರಾಜತಾಂತ್ರಿಕ ಕೆಲಸದ ಅರ್ಧಭಾಗ ಊಟದ ಮೇಜಿನಲ್ಲೇ ಆಗುತ್ತದೆ ಎಂದು ನಂಬಿದ್ದ ಮನುಷ್ಯ. ಅವನ ಮನೆಯ ಔತಣಗಳಿಗೆ ಪೇಸ್ಟ್ರಿ ಮಾಡಲು ಕರೇಮ್‌ಗೆ ಕರೆ ಬರತೊಡಗಿತು. ಇದೇ ಹೊತ್ತಿಗೆ ಆತ ಬೈಲಿಯನ್ನು ಬಿಟ್ಟು ಇನ್ನೊಂದು ಪೇಸ್ಟ್ರಿ ಅಂಗಡಿ ಸೇರಿದ್ದ. ದೊಡ್ಡ ಔತಣಗಳಿದ್ದಾಗ ಹೊರಗೆ ಹೋಗಿ ದುಡಿಯಲು ಅಲ್ಲಿ ಅವಕಾಶವಿತ್ತು. 1803-04ರ ಸುಮಾರಿಗೆ ಇಂದಿನ ರೂ ದ ಲಾ ಪೈ ಬೀದಿಯಲ್ಲಿ ತನ್ನದೇ ಅಂಗಡಿ ತೆರೆದು, ಸುಮಾರು ಹತ್ತು ವರ್ಷ ನಡೆಸಿದ. ಬೀದಿಯಲ್ಲಿ ಬಿಟ್ಟುಹೋದ ಹುಡುಗನಿಗೆ ಇಪ್ಪತ್ತರ ಆಸುಪಾಸಿನಲ್ಲಿ ಪ್ಯಾರಿಸ್ ನಗರದ ನಡುವೆ ಅಂಗಡಿ.

ದೊಡ್ಡ ಮನೆಗಳಲ್ಲಿ ಅವನು ಮತ್ತೆ ವಿದ್ಯಾರ್ಥಿಯಾದ. ಪೇಸ್ಟ್ರಿ ಬಲ್ಲವನಿಗೆ ಸಾರು, ಸಾಸ್, ಮಾಂಸ, ಮೀನಿನ ಪಾಠ ಬೇಕಿತ್ತು. ಲಾಗಿಪಿಯೆರ್ ಎಂಬ ಮಹಾನ್ ಬಾಣಸಿಗನಿಂದ ಅದನ್ನು ಕಲಿತ. 1812ರಲ್ಲಿ ನೆಪೋಲಿಯನ್ ಸೇನೆ ಮಾಸ್ಕೋದಿಂದ ಹಿಮ್ಮೆಟ್ಟುವಾಗ ಆ ಗುರು ಚಳಿಗೆ ಸಿಕ್ಕಿ ಸತ್ತ. ಕರೇಮ್ ಆ ನೋವನ್ನು ಕೊನೆಯವರೆಗೂ ಮರೆಯಲಿಲ್ಲ. ಲಾಗಿಪಿಯೆರ್ ಒಂದೇ ಒಂದು ಪುಸ್ತಕ ಬರೆದಿಟ್ಟಿರಲಿಲ್ಲ. ಆತನ ವಿದ್ಯೆಯೆಲ್ಲ ಆತನೊಂದಿಗೇ ಹಿಮದಲ್ಲಿ ಹೂತುಹೋಯಿತು.

ಯುದ್ಧ ಪೇಸ್ಟ್ರಿ ಅಂಗಡಿಗೂ ಬಂದಿತ್ತು. ಬ್ರಿಟನ್ ಜೊತೆಗಿನ ವ್ಯಾಪಾರ ದಿಗ್ಬಂಧನದಿಂದ ಕೆರಿಬಿಯನ್ ದ್ವೀಪಗಳ ಕಬ್ಬಿನ ಸಕ್ಕರೆ ಬರುವುದು ಕಡಿಮೆಯಾಗಿ ಬೆಲೆ ಗಗನಕ್ಕೇರಿತು. ಬೀಟ್‌ನಿಂದ ಸಕ್ಕರೆ ತೆಗೆಯುವ ಪ್ರಯತ್ನಕ್ಕೆ ನೆಪೋಲಿಯನ್ ಹಣ, ಬಿರುದು ಎರಡನ್ನೂ ಕೊಟ್ಟ. 1810ರಲ್ಲಿ ನಿಕೊಲಾಸ್ ಅಪೇರ್ ಎಂಬ ಮಿಠಾಯಿ ಕಸುಬಿನವನು ಹಣ್ಣು ತರಕಾರಿಯನ್ನು ಬಾಟಲಿಯಲ್ಲಿ ಮುಚ್ಚಿ ಕುದಿಸಿ ಕೆಡದಂತೆ ಇಡುವ ವಿಧಾನವನ್ನು ಪ್ರಕಟಿಸಿ, ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಚಳಿಗಾಲದಲ್ಲೂ ಏಪ್ರಿಕಾಟ್ ಟಾರ್ಟ್ ಮಾಡುವ ದಾರಿ ತೆರೆದದ್ದು ಹೀಗೆ.

ಗುಟ್ಟು ಬಿಟ್ಟುಕೊಟ್ಟ ಪುಸ್ತಕ

ಕರೇಮ್‌ಗೆ ಒಂದು ಅಭ್ಯಾಸವಿತ್ತು. ದಿನದ ಕೆಲಸ ಎಷ್ಟೇ ಇರಲಿ, ರಾತ್ರಿ ಮಲಗುವ ಮುನ್ನ ಅಂದು ಮಾಡಿದ್ದನ್ನು, ಬದಲಿಸಿದ್ದನ್ನು ಬರೆದಿಡುತ್ತಿದ್ದ. ಆ ಟಿಪ್ಪಣಿಗಳಿಂದ 1815ರಲ್ಲಿ ಎರಡು ಪುಸ್ತಕ ಹೊರಬಂದವು. ಒಂದು, ರಾಜಮನೆತನದ ಪ್ಯಾರಿಸ್ ಪೇಸ್ಟ್ರಿ ಬಾಣಸಿಗ ಎಂಬರ್ಥದ ಲೆ ಪಾಟಿಸಿಯೆ ರೊಯಾಲ್ ಪಾರಿಸಿಯೆನ್. ಇನ್ನೊಂದು ಲೆ ಪಾಟಿಸಿಯೆ ಪಿಟೊರೆಸ್ಕ್, ಇದರಲ್ಲಿ ಆತನೇ ಬರೆದ ನೂರಕ್ಕೂ ಹೆಚ್ಚು ರಚನೆಗಳ ಚಿತ್ರಗಳಿವೆ.

ಮೊದಲ ಪುಸ್ತಕದ ಮಹತ್ವ ಚಿತ್ರಗಳಲ್ಲಿಲ್ಲ, ಕ್ರಮದಲ್ಲಿದೆ. ಮೊದಲು ಕಣಕಗಳು, ಆಮೇಲೆ ಅವುಗಳಿಂದ ಏನೇನು ಮಾಡಬಹುದು ಎಂಬುದು. ಪಫ್ ಪೇಸ್ಟ್ರಿಯನ್ನು ಎಷ್ಟು ಸಲ ಮಡಚಬೇಕು, ಏಕೆ ತಣ್ಣಗಿಡಬೇಕು, ಎಲ್ಲಿ ಕೆಡುತ್ತದೆ ಎಂಬ ವಿವರವೂ ಇದೆ. ಯಜಮಾನನ ಮನಸ್ಸು ಗೆದ್ದರೆ ಮಾತ್ರ ಸಿಗುತ್ತಿದ್ದ ಪಾಠ ಅಂಗಡಿಯಲ್ಲಿ ಕೊಳ್ಳುವ ವಸ್ತುವಾಯಿತು. ಗುರುವಿನ ವಿದ್ಯೆ ಹಿಮದಲ್ಲಿ ಕಳೆದುಹೋದದ್ದನ್ನು ಕಂಡವನಿಗೆ ಬರೆದಿಡುವುದರ ಬೆಲೆ ಚೆನ್ನಾಗಿಯೇ ಗೊತ್ತಿತ್ತು. ಹಾಗೆಂದು ಆತ ವಿನಯದ ಮೂರ್ತಿಯೇನಲ್ಲ. ಪುಟಪುಟದಲ್ಲೂ ತನ್ನನ್ನು ಹೊಗಳಿಕೊಳ್ಳುತ್ತಾನೆ, ಹಳೆಯ ಪುಸ್ತಕಗಳನ್ನು ಹೀಗಳೆಯುತ್ತಾನೆ. ಪೇಸ್ಟ್ರಿ ಎಂದರೆ ವಾಸ್ತುಶಿಲ್ಪದ ಮುಖ್ಯ ಶಾಖೆ ಎಂಬ ಧಾಟಿಯ ಆತನ ಮಾತಂತೂ ಇಂದಿಗೂ ಚಾಲ್ತಿಯಲ್ಲಿದೆ.

ಹೊಗಳುವವರೂ ಕಡಿಮೆಯೇನಿಲ್ಲ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಪಫ್ ಪೇಸ್ಟ್ರಿಯಿಂದ ಹಿಡಿದು ಬಾಣಸಿಗರ ಉದ್ದನೆಯ ಬಿಳಿ ಟೋಪಿಯವರೆಗೆ ಎಲ್ಲವನ್ನೂ ಕರೇಮ್ ಲೆಕ್ಕಕ್ಕೇ ಬರೆದಿರುತ್ತಾರೆ. ಪಫ್ ಪೇಸ್ಟ್ರಿಯ ವಿಧಾನ 17ನೇ ಶತಮಾನದ ಫ್ರೆಂಚ್ ಪುಸ್ತಕಗಳಲ್ಲೇ ಇದೆ. ಕರೇಮ್ ಮಾಡಿದ್ದು ಅದಕ್ಕೆ ಲೆಕ್ಕ ಕೊಟ್ಟದ್ದು, ಹಗುರ ಮಾಡಿದ್ದು, ಎಲ್ಲರಿಗೂ ತಿಳಿಯುವಂತೆ ಹೇಳಿದ್ದು. ಅಷ್ಟೇ ಸಾಕಷ್ಟು ದೊಡ್ಡ ಕೆಲಸ.

ರಾಜರ ಅಡುಗೆಮನೆಗಳಲ್ಲಿ

1814ರಲ್ಲಿ ನೆಪೋಲಿಯನ್ ಸೋತಾಗ ರಷ್ಯಾದ ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಪ್ಯಾರಿಸ್‌ಗೆ ಬಂದು ಇಳಿದುಕೊಂಡದ್ದು ಟ್ಯಾಲೆರಾಂಡ್ ಮನೆಯಲ್ಲಿ. ಅವನಿಗೆ ಅಡುಗೆ ಮಾಡಿದ್ದು ಕರೇಮ್. ಅಲ್ಲಿಂದ ಹೆಸರು ದೇಶದ ಗಡಿ ದಾಟಿತು.

1816ರಲ್ಲಿ ಬ್ರಿಟನ್ನಿನ ರಾಜಪ್ರತಿನಿಧಿ, ಮುಂದೆ ನಾಲ್ಕನೇ ಜಾರ್ಜ್ ಆದವನು, ಕರೇಮ್‌ನನ್ನು ಕರೆಸಿಕೊಂಡ. ಬ್ರೈಟನ್‌ನಲ್ಲಿದ್ದ ಆತನ ಅರಮನೆಯ ಅಡುಗೆಮನೆ ಆಗಷ್ಟೇ ಕಟ್ಟಿದ್ದು. ಚಾವಣಿ ಹೊತ್ತ ಕಂಬಗಳ ತುದಿಯಲ್ಲಿ ತಾಳೆ ಗರಿಗಳ ಅಲಂಕಾರ. 1817ರ ಜನವರಿ 18ರಂದು ರಷ್ಯಾದ ಗ್ರ್ಯಾಂಡ್ ಡ್ಯೂಕ್ ನಿಕೊಲಾಸ್ ಗೌರವಾರ್ಥ ನಡೆದ ಔತಣದಲ್ಲಿ ನೂರಕ್ಕೂ ಹೆಚ್ಚು ಬಗೆ. ಮೇಜಿನ ಮೇಲೆ ಅದೇ ಅರಮನೆಯ ಪೇಸ್ಟ್ರಿ ಮಾದರಿಯೂ ಇತ್ತು. ಇಷ್ಟೆಲ್ಲ ಇದ್ದರೂ ಮಂಜು ಮುಸುಕಿದ ಆ ನಾಡು ಕರೇಮ್‌ಗೆ ಹಿಡಿಸಲಿಲ್ಲ. ತಿಂಗಳುಗಳಲ್ಲೇ ಪ್ಯಾರಿಸ್‌ಗೆ ವಾಪಸ್. 1819ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದಾಗಲೂ ಹಾಗೇ ಆಯಿತು, ಹೆಚ್ಚು ಕಾಲ ನಿಲ್ಲಲಿಲ್ಲ. ಆ ನಗರಕ್ಕೆಂದು ತಾನು ಬರೆದ ಕಟ್ಟಡ ವಿನ್ಯಾಸಗಳನ್ನು 1821ರಲ್ಲಿ ಪ್ರಕಟಿಸಿದ. ಕಲ್ಲಿನ ಕಟ್ಟಡ ಕಟ್ಟುವ ಆಸೆ ಗ್ರಂಥಾಲಯದ ಆ ಮಧ್ಯಾಹ್ನಗಳಿಂದಲೂ ಹೋಗಿರಲಿಲ್ಲ. ಆದರೆ ಕಟ್ಟಿಸುವವರು ಯಾರೂ ಸಿಗಲಿಲ್ಲ.

ಕೊನೆಯ ದೊಡ್ಡ ನೌಕರಿ ಪ್ಯಾರಿಸ್‌ನ ಬ್ಯಾಂಕರ್ ಜೇಮ್ಸ್ ರಾಥ್‌ಚೈಲ್ಡ್ ಮನೆಯಲ್ಲಿ. ರಾಜರಿಗಿಂತ ಸಾಹುಕಾರನ ಮನೆಯೇ ಅವನಿಗೆ ಹೆಚ್ಚು ಒಗ್ಗಿತು. 1829ರಲ್ಲಿ ಅಲ್ಲಿ ಊಟಕ್ಕೆ ಬಂದ ಐರಿಶ್ ಲೇಖಕಿ ಲೇಡಿ ಮಾರ್ಗನ್ ಮೇಜಿನ ಮೇಲಿನ ರಚನೆಯ ಕಂಬವೊಂದರಲ್ಲಿ ತಮ್ಮ ಹೆಸರನ್ನು ಸಕ್ಕರೆಯಲ್ಲಿ ಬರೆದಿದ್ದನ್ನು ಕಂಡು ಬೆರಗಾದರು. ಆ ಊಟದ ವರ್ಣನೆಯನ್ನು ಅವರು ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ಇದ್ದಿಲಿನ ಹೊಗೆ

ಆ ಹೊತ್ತಿಗೆ ಕರೇಮ್‌ನ ದೇಹ ಸೋತಿತ್ತು. ಸಕ್ಕರೆ ಗೋಪುರಗಳ ಹಿಂದಿನ ಅಡುಗೆಮನೆ ಹೇಗಿತ್ತು ಎಂಬುದನ್ನು ಆತನೇ ಬರೆದಿದ್ದಾನೆ. ಉರಿಯುತ್ತಿರುವ ಇದ್ದಿಲಿನ ಒಲೆಗಳ ಸಾಲು. ಅತ್ತಿಂದಿತ್ತ ಓಡುವ ಹತ್ತಾರು ಕೆಲಸಗಾರರು, ಯಾರೂ ಮಾತಾಡುವಂತಿಲ್ಲ. ಬಡಿಸುವ ಹೊತ್ತಿಗೆ ಅರ್ಧ ಗಂಟೆ ಬಾಗಿಲು ಕಿಟಕಿ ಎಲ್ಲ ಬಂದ್, ಏಕೆಂದರೆ ಗಾಳಿ ಬಂದರೆ ಊಟ ಆರುತ್ತದೆ. ಮೇಜಿನಲ್ಲಿ ಕುಳಿತವರಿಗೆ ಬಿಸಿಬಿಸಿ ಊಟ ತಲುಪಲು ಒಳಗಿನವರು ಅಷ್ಟು ಹೊತ್ತು ಹೊಗೆಯನ್ನೇ ಉಸಿರಾಡಬೇಕು. ಇದ್ದಿಲು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇದ್ದಿಲು ತಮ್ಮನ್ನು ಕೊಲ್ಲುತ್ತಿದೆ ಎಂದು ಕರೇಮ್ ತಿಳಿದೇ ಬರೆದ. ತಿಳಿದೂ ಒಲೆಯ ಮುಂದೆ ನಿಂತ.

ಕೊನೆಯ ವರ್ಷಗಳಲ್ಲಿ ರಾಥ್‌ಚೈಲ್ಡ್ ಮನೆಯ ಕೆಲಸ ಬಿಟ್ಟು ಬರವಣಿಗೆಗೆ ಕುಳಿತ. 19ನೇ ಶತಮಾನದ ಫ್ರೆಂಚ್ ಪಾಕಕಲೆಯ ಬಗ್ಗೆ ಐದು ಸಂಪುಟಗಳ ಯೋಜನೆ ಅದು. ಪೇಸ್ಟ್ರಿಯನ್ನು ಬರೆದಾಗಿತ್ತು, ಈಗ ಸಾರು, ಸಾಸ್, ಮೀನು, ಮಾಂಸ ಎಲ್ಲದಕ್ಕೂ ಅದೇ ಕ್ರಮ, ಅದೇ ವಿವರ. ಕಾಯಿಲೆಯ ಜೊತೆ ಓಟದ ಪಂದ್ಯದಂತೆ ನಡೆದ ಬರವಣಿಗೆ. 1833ರ ಜನವರಿ 12ರಂದು ಪ್ಯಾರಿಸ್‌ನಲ್ಲಿ ಕರೇಮ್ ತೀರಿಕೊಂಡ. ಇನ್ನೂ ಐವತ್ತು ತುಂಬಿರಲಿಲ್ಲ. ಮೊಂಮಾರ್ತ್ರ್ ಸ್ಮಶಾನದಲ್ಲಿ ಆತನ ಸಮಾಧಿ ಇದೆ.

ಆಗ ಮೂರು ಸಂಪುಟಗಳಷ್ಟೇ ಸಿದ್ಧವಾಗಿದ್ದವು. ಉಳಿದ ಎರಡನ್ನು ಮುಗಿಸಿದ್ದು ಪ್ಲೂಮೆರೆ ಎಂಬ ಇನ್ನೊಬ್ಬ ಬಾಣಸಿಗ. ಅವು ಹೊರಬರುವ ಹೊತ್ತಿಗೆ ಕರೇಮ್ ತೀರಿಕೊಂಡು ಹತ್ತು ವರ್ಷ ಕಳೆದಿತ್ತು.